ಆ ಬೇರಿಂಗ್ ಭಯದ ಬಗ್ಗೆ ಪುಟ್ಟನಿಗೆ

ದಾವಣಗೆರೆ

ಪ್ರೀತಿಯ ಪುಟ್ಟ,

ಮನೆ ಸುದ್ದಿ ಎಲ್ಲಾ ನಿಮ್ಮಮ್ಮ ಫೋನಲ್ಲಿ ಹೇಳಿರ್ತಾಳೆ, ನಾನು ಮತ್ತೆ ಬರೆಯಲ್ಲ. ನಿನ್ನ ಪೋರ್ಷೆ ಕಾರಿನ ಎಂಜಿನ್ ಒಳಗಿನ ಒಂದು ಬೇರಿಂಗ್ ಯಾವಾಗ ಹೋಗುತ್ತೋ ಅಂತ ಹೆದ್ರಿ ಮೆಸೇಜಲ್ಲಿ ಒಂದು ಮಾತು ಬರ್ದಿದ್ಯಲ್ಲ, "ಪ್ರತಿ ಸಲ ಸ್ಟಾರ್ಟ್ ಮಾಡ್ವಾಗ ಇದೇ ಕೊನೆ ಸಲ ಅನ್ಸುತ್ತೆ ದೊಡ್ಡಪ್ಪ, ಅದಕ್ಕೇ ಈಗ ಗಾಡಿ ಹೊರಗೇ ತೆಗೀತಿಲ್ಲ" ಅಂತ, ಅದನ್ನ ಓದಿದಾಗಿಂದ ನನಗೆ ಸಮಾಧಾನ ಇಲ್ಲ. ಬೇರಿಂಗ್ ಹೋದ್ರೆ ಹೋಗ್ಲಿ, ಆ "ಹೊರಗೇ ತೆಗೀತಿಲ್ಲ" ಅನ್ನೋದು ಕೊರೀತಾ ಐತೆ.

ನೀನು ಕಳ್ಸಿದ್ದೆಲ್ಲ ಓದ್ದೆ, ಮೊಮ್ಮಗಳ ಹತ್ರ ವಿಡಿಯೋನೂ ಹಾಕಿಸ್ಕೊಂಡು ನೋಡ್ದೆ. ನಿಂದು 2003ರ ಪೋರ್ಷೆ ಬಾಕ್ಸ್‌ಸ್ಟರ್, 2.7 ಲೀಟರ್, ಎಂ96 ಅನ್ನೋ ಎಂಜಿನ್. ಪಿಸ್ಟನ್ ತಿರುಗಿಸೋ ಕ್ರ್ಯಾಂಕಿಂದ ನಡುವಿನ ಶಾಫ್ಟಿಗೆ ಒಂದು ಚೈನು, ಅಲ್ಲಿಂದ ಎರಡೂ ಕಡೆ ವಾಲ್ವ್ ತೆರೆಯೋ ಕ್ಯಾಮಿಗೆ ಚೈನು. ಆ ಶಾಫ್ಟಿನ ಫ್ಲೈವೀಲ್ ಕಡೆ ತುದೀನ ಹಿಡಿದಿರೋದು ಒಂದು ಸೀಲ್ ಮಾಡಿದ ಬಾಲ್ ಬೇರಿಂಗ್, ಅಷ್ಟೇ. ಪೋರ್ಷೆಯ ಹಳೇ ಏರ್‌ಕೂಲ್ಡ್ 911 ಕಾರುಗಳಲ್ಲಿ ಆ ಜಾಗದಲ್ಲಿ ಬಾಲೇ ಇಲ್ಲ, ಪ್ಲೇನ್ ಬೇರಿಂಗು, ಎಂಜಿನ್ ಆಯಿಲ್ ಪ್ರೆಷರ್ ಮೇಲೇ ತಿರುಗ್ತಿತ್ತು. ಇಲ್ಲಿ ಒಳಗಿರೋ ಗ್ರೀಸೇ ಗತಿ, ವರ್ಷ ಕಳೆದ ಮೇಲೆ ಸೀಲ್ ಗಟ್ಟಿಯಾಗಿ ಆಯಿಲ್ ನುಗ್ಗಿ ಗ್ರೀಸ್ ತೊಳೆದು ಹಾಕುತ್ತೆ, ಹೊಸ ಆಯಿಲ್ ಮಾತ್ರ ಸರಾಗವಾಗಿ ಹೋಗಿ ಬರಲ್ಲ, ಹಳೇದೇ ಒಳಗೆ ನಿಂತು ಬಾಲನ್ನ ತಿನ್ನುತ್ತೆ. ಶಾಫ್ಟ್ ಅಲ್ಲಾಡಕ್ಕೆ ಶುರುವಾದ್ರೆ ಚೈನ್ ಹಲ್ಲು ಜಿಗಿದು ಟೈಮಿಂಗ್ ತಪ್ಪುತ್ತೆ, ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತೆ, ಆಮೇಲೆ ಎಂಜಿನ್ ಉಳಿಯಲ್ಲ. ಮೊದಮೊದಲ ಗಾಡಿಗಳಲ್ಲಿ ಎರಡು ಸಾಲಿನ ಬೇರಿಂಗ್ ಇತ್ತು, ಅದು ಗಟ್ಟಿ. ನಿನ್ನ ಕಾಲದ್ದು ಒಂದೇ ಸಾಲಿಂದು, ಜಾಸ್ತಿ ಹೋಗೋದೂ ಅದೇ, ಅಮೆರಿಕದಲ್ಲಿ ಕೋರ್ಟ್ ತನಕ ಹೋಗಿ ರಾಜಿ ಆಗೈತೆ. ಅಂದ್ರೆ ನೀನು ಸುಮ್ಸುಮ್ನೆ ಹೆದ್ರಿಲ್ಲ, ಅದನ್ನ ಒಪ್ತೀನಿ.

ಆದ್ರೆ ಹೆದ್ರಿ ನಿಲ್ಲಿಸೋದು ಐತಲ್ಲ ಪುಟ್ಟ.

ನಿಮ್ಮ ಅಜ್ಜನ ಅಂಬಾಸಿಡರ್ ನಿಂಗೆ ಗೊತ್ತು, ಅದರ ಹಿಂದಿನ ಸೀಟಲ್ಲೇ ಆಟ ಆಡಿ ದೊಡ್ಡೋನಾದೆ. ಅದು ಶೆಡ್ಡಿಗೆ ಯಾಕೆ ಹೋಯ್ತು ಅಂತ ಯಾರೂ ನಿಂಗೆ ಹೇಳಿರಲ್ಲ. ಒಂದಿನ ಹರಿಹರದಿಂದ ಬರ್ವಾಗ ಅಪ್ಪಂಗೆ ಕೆಳಗಿಂದ ಟಕ್ ಟಕ್ ಅಂತ ಸೌಂಡ್ ಕೇಳಿಸ್ತಂತೆ. ಬಿಗ್ ಎಂಡ್, ಅಂದ್ರೆ ಕನೆಕ್ಟಿಂಗ್ ರಾಡ್ ಬುಡದ ಬೇರಿಂಗ್, ಹೋಯ್ತು, ಇನ್ನೊಂದು ಸಲ ರೋಡಿಗೆ ಇಳಿಸಿದ್ರೆ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡ್ಕೊಂಡು ಆಚೆ ಬರುತ್ತೆ ಅಂತ ಅವ್ರ ತಲೇಲಿ ಕೂತ್ಬಿಡ್ತು. ಬಿಚ್ಚಿಸೋಕೂ ಭಯ, ಏನೇನು ಖರ್ಚು ಬರುತ್ತೋ ಅಂತ. ಅಮ್ಮಂಗೆ ಮಳೆಗಾಲದಲ್ಲಿ ಜೋಗ ನೋಡೋ ಆಸೆ ಇತ್ತು, ಹೊನ್ನಾಳಿ ಮೇಲೆ ಶಿವಮೊಗ್ಗ, ಸಾಗರ ಅಂತ ದಾರಿನೂ ಮಾತಾಡ್ಕೊಂಡಿದ್ವಿ. ಪ್ರತಿ ಮಳೆಗಾಲನೂ "ಗಾಡಿ ರಿಪೇರಿ ಆಗ್ಲಿ, ಆಮೇಲೆ ಹೋಗೋಣ" ಅನ್ನೋರು ಅಪ್ಪ. ಅಮ್ಮ ಹೋಗೇಬಿಟ್ಳು. ಅಪ್ಪನೂ ಹೋದ್ಮೇಲೆ ನಾನೇ ನಮ್ಮ ಎಂಜಿನ್ ಬೋರಿಂಗ್ ವರ್ಕ್‌ಶಾಪಲ್ಲಿ, ಆ ಹರಿಹರದ ಕಿರ್ಲೋಸ್ಕರ್ ಲೇತ್ ಪಕ್ಕದ ಬೆಂಚ್ ಮೇಲೆ, ಎಂಜಿನ್ ಬಿಚ್ಚಿ ನೋಡ್ದೆ. ಬೇರಿಂಗ್ ಅಷ್ಟೂ ಚೆನ್ನಾಗೇ ಇತ್ತು. ಕ್ರ್ಯಾಂಕಲ್ಲಿ ಗೀರು ಕೂಡ ಇಲ್ಲ. ಹಾಳಾಗಿದ್ದು ಏನಪ್ಪಾ ಅಂದ್ರೆ ನಿಂತೂ ನಿಂತೂ ಪಿಸ್ಟನ್ ರಿಂಗುಗಳು ಬೋರಿಗೆ, ಅಂದ್ರೆ ಸಿಲಿಂಡರ್ ಒಳಗೋಡೆಗೆ, ತುಕ್ಕು ಹಿಡಿದು ಕಚ್ಕೊಂಡಿದ್ವು. ಅಮ್ಮಂಗೆ ಜೋಗ ತೋರಿಸ್ಲಿಲ್ಲ ಅನ್ನೋ ಸಂಕಟ ನಂಗೆ ಈಗ್ಲೂ ಕಮ್ಮಿ ಆಗಿಲ್ಲ.

ನಾನು ಆಯುಷ್ಯ ಎಲ್ಲಾ ಲಾರಿ ಎಂಜಿನ್ನಲ್ಲಿ ಕಳೆದೋನು, ನಿಮ್ಮ ಜರ್ಮನಿ ಗಾಡೀನ ಕೈಯಿಂದ ಮುಟ್ಟಿದ್ದೂ ಇಲ್ಲ, ಬುದ್ಧಿ ಹೇಳೋಕೆ ಸಂಕೋಚನೇ ಆಗುತ್ತೆ. ಆದ್ರೂ ನೋಡು, ನಿನ್ನ ಗಾಡೀಲಿ ಆ ಬೇರಿಂಗ್ ಹೊರಗಿಂದಲೇ ತೆಗೀಬಹುದು, ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಇಳಿಸಿದ್ರೆ ಸಾಕು. 2006ರಿಂದ 2008ರ ತನಕದವಕ್ಕೆ ದೊಡ್ಡ ಬೇರಿಂಗ್ ಹಾಕಿದ್ರು, ಗಟ್ಟಿನೇ ಅದು, ಆದ್ರೆ ಎಂಜಿನ್ ಕೇಸನ್ನೇ ಪೂರ್ತಿ ಬಿಚ್ಚಿ ಎರಡು ಮಾಡದೆ ಈಚೆ ಬರಲ್ಲ. 2009ರ ಹೊಸ ಎಂಜಿನ್ನಿಗೆ ಆ ಶಾಫ್ಟೇ ಬೇಡ ಅಂತ ತೆಗೆದ್ಬಿಟ್ರು. ನಿಂಗೆ ಹೆಂಗೂ ಕ್ಲಚ್ ಕೆಲಸ ಒಂದಿನ ಬಂದೇ ಬರುತ್ತೆ, ಅದಕ್ಕೆ ಅಂತ ಕಾಯದೇ ಈಗ್ಲೇ ಮಾಡಿಸ್ಬಿಡು ಅಂತ ನನ್ನ ಮನಸ್ಸು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲೂ ಅವಾಗ್ಲೇ ಹಾಕಿಸು, ಅದೂ ಸೋರೋ ಜಾತಿನೇ. ದುಡ್ಡು ನಿಂದು, ನಾನು ಹೇಳ್ಬಾರ್ದು.

ಆದ್ರೆ ಅದಕ್ಕೆ ಮುಂಚೆ ಆಯಿಲ್ ಫಿಲ್ಟರ್ ಬಿಚ್ಚಿ ಮಡಿಕೆ ಮಡಿಕೆ ಹರವಿ ನೋಡ್ಬೇಕು. ಮ್ಯಾಗ್ನೆಟ್‌ಗೆ ಅಂಟೋ ಮಿಣಮಿಣ ಚೂರು ಇದ್ರೆ ಬೇರಿಂಗ್ ಆಗ್ಲೇ ತಿನ್ನಿಸ್ಕೊಂಡೈತೆ ಅಂತ, ಆ ಚೂರು ಎಂಜಿನ್ ತುಂಬಾ ಓಡಾಡಿರುತ್ತೆ, ಅಂಥಾದ್ರಲ್ಲಿ ಹೊಸದು ಹಾಕಿ ಏನೂ ಉಪಯೋಗ ಇಲ್ಲ. ಏನೂ ಇಲ್ಲ ಅಂದ್ರೆ ಧೈರ್ಯವಾಗಿ ಹಾಕಿಸು. ಕ್ಯಾಮ್ ಲಾಕ್ ಮಾಡಿ, ಚೈನ್ ಬಿಗಿ ಹಿಡಿಯೋ ಟೆನ್ಷನರ್ ಸಡಿಲಿಸಿ ತೆಗೆಯೋ ಪದ್ಧತಿ ಗೊತ್ತಿರೋ ಮೇಸ್ತ್ರಿ ಆಗಿರ್ಬೇಕು ಅಷ್ಟೇ, ಅದರಲ್ಲಿ ಮಾತ್ರ ದುಡ್ಡು ಉಳಿಸಕ್ಕೆ ಹೋಗ್ಬೇಡ.

ಬೋರಲ್ಲಿ ಗೀರು ಬೀಳೋದನ್ನೂ ಕೇಳಿದ್ಯಲ್ಲ, ಅದು ದೊಡ್ಡ 3.4, 3.6, 3.8 ಲೀಟರ್‌ಗಳ ಕಾಟ ಜಾಸ್ತಿ, ನಿಂದಕ್ಕೆ ಅಷ್ಟು ಯೋಚ್ನೆ ಬೇಡ. ಚಳೀಲಿ ಸ್ಟಾರ್ಟ್ ಮಾಡಿದ ತಕ್ಷಣ ಎಳೀಬೇಡ, ಆಯಿಲ್ ಬಿಸಿ ಆಗೋ ತನಕ ನಿಧಾನ ಹೋಗು.

ಮತ್ತೆ ಅದೇ ಮಾತಿಗೆ ಬರ್ತೀನಿ, ಬೈಕೋಬೇಡ. ನಿಲ್ಲಿಸಿದ್ರೆ ಆ ಬೇರಿಂಗ್ ಉಳಿಯುತ್ತೆ ಅನ್ನೋದು ಸುಳ್ಳು. ನಿಂತ ಗಾಡೀಲಿ ಆಯಿಲಿಗೆ ತೇವ ಸೇರುತ್ತೆ, ಆ ಆಯಿಲೇ ಬೇರಿಂಗ್ ಒಳಗೂ ಇರೋದು. ಕಂಪನಿ ಹೇಳೋ ಉದ್ದನೆ ಗಡುವು ಬಿಟ್ಟು 8,000 ಕಿ.ಮೀ.ಗೆ ಇಲ್ಲ ವರ್ಷಕ್ಕೊಂದು ಸಲ ಆಯಿಲ್ ಬದಲಾಯಿಸಿ ದಿನಾ ಓಡ್ಸೋ ಗಾಡಿಗೆ, ಬಟ್ಟೆ ಹೊದಿಸಿ ನಿಲ್ಲಿಸಿದ ಗಾಡಿಗಿಂತ ನಾನು ಜಾಸ್ತಿ ನಂಬಿಕೆ ಇಡ್ತೀನಿ. ಈ ಭಾನುವಾರ ಆಯಿಲ್ ಲೆವೆಲ್ ನೋಡ್ಕೊಂಡು, ಎಂಜಿನ್ ಪೂರ್ತಿ ಬಿಸಿ ಆಗೋ ಅಷ್ಟು ದೂರ ಒಂದು ಸಲ ಹೋಗಿ ಬಾ, ಸೊಸೆನೂ ಕೂರಿಸ್ಕೋ. ಬಂದ್ಮೇಲೆ ಆಯಿಲ್ ಇಳಿಸಿ ಫಿಲ್ಟರ್ ಬಿಚ್ಚು. ಫೋಟೋ ತೆಗೆದು ಕಳ್ಸು, ಲೈಟ್ ಹಾಕಿ ಬೇಡ, ಹಗಲು ಬೆಳಕಲ್ಲಿ ತೆಗಿ, ಹತ್ರದಿಂದ.

ನಿನ್ನ ದೊಡ್ಡಪ್ಪ