ಕಡಿಮೆ ಓಡಿದ ಕಾರೇ ಒಳ್ಳೆಯದು ಎಂಬ ಮಾತಿಗೆ ನನ್ನದೊಂದು ತಕರಾರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ಕಾರುಗಳಿಗೆ ಬೆಲೆ ಕಟ್ಟುವ ಬಗ್ಗೆ ಬಂದ ಲೇಖನವನ್ನು ಮೈಸೂರಿನಿಂದ ನನ್ನ ಅಕ್ಕ ಫೋಟೊ ಹೊಡೆದು ಕಳಿಸಿದಳು. ಕೆಳಗೆ ಒಂದು ಸಾಲು: "ನಿನ್ನ ಕಾರಿಗೆ ಬೈದಿದ್ದಾರೆ ನೋಡೋ." ಬೈದದ್ದು ಎರಡೇ ವಾಕ್ಯ. ಮಜ್ದಾ ಆರ್‌ಎಕ್ಸ್-8 ಎಂಬ ಕಾರು ಪುಕ್ಕಟೆ ಕೊಟ್ಟರೂ ಬೇಡ, ಅದರ 1,300 ಸಿಸಿ ಎಂಜಿನ್ನು ಬಾಳುವುದಿಲ್ಲ ಎಂಬುದು ಒಂದು. ತೆಗೆದುಕೊಳ್ಳಲೇಬೇಕೆಂದರೆ ಕಡಿಮೆ ಓಡಿದ್ದನ್ನು ಹುಡುಕಿ ಎಂಬುದು ಇನ್ನೊಂದು. ಮೊದಲನೆಯದು ಅಭಿಪ್ರಾಯ, ಅದರ ಮೇಲೆ ನನಗೆ ಜಗಳವಿಲ್ಲ. ಎರಡನೆಯದನ್ನು ನಂಬಿ ನಾನೇ 3,600 ಪೌಂಡ್ ಕಳೆದುಕೊಂಡಿದ್ದೇನೆ, ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿ, ಆದರೆ ಕಂಪ್ರೆಷನ್ನಿನ, ಅಂದರೆ ಎಂಜಿನ್ನಿನೊಳಗಿನ ಒತ್ತಡದ, ಭಾಗ ಉಳಿಸಿ.

ನಾನು ಮೈಸೂರಿನ ಯಾದವಗಿರಿಯವ. ಅಪ್ಪ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1996ರಲ್ಲಿ ಕಾರ್ಖಾನೆ ಮುಚ್ಚಿದಾಗ ಅವರ ಪಾಲಿಗೆ ಉಳಿದದ್ದು 1979ರ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕ್. ನಾನು ಹದಿನೆಂಟು ವರ್ಷಗಳಿಂದ ಇಂಗ್ಲೆಂಡಿನ ಡರ್ಬಿಯಲ್ಲಿದ್ದೇನೆ. ಈ ಕಾರು ಕೊಂಡ ಸುದ್ದಿಯನ್ನು 2015ರಲ್ಲಿ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು, "ಮಜ್ದಾನಾ? ಸ್ಕೂಲ್ ಮಕ್ಕಳನ್ನ ತುಂಬ್ಕೊಂಡ್ ಹೋಗುತ್ತಲ್ಲಪ್ಪ, ಆ ಸ್ವರಾಜ್ ಮಜ್ದಾನಾ?" ಭಾವ ಇನ್ನೂ ಮುಂದೆ ಹೋಗಿ, ಆರ್‌ಎಕ್ಸ್ ಎಂದ ಕೂಡಲೇ ಯಮಹಾ ಆರ್‌ಎಕ್ಸ್ 100 ಎಂದುಕೊಂಡು, "ಅಲ್ಲೂ ಸಿಗುತ್ತಾ? ಇಲ್ಲಿ ಅದರ ರೇಟು ಏರ್ತಾ ಇದೆ, ಬಿಡಬೇಡ" ಎಂದು ಹುರಿದುಂಬಿಸಿದ. ಅವರದ್ದು ತಪ್ಪಲ್ಲ, ನಮ್ಮೂರ ರಸ್ತೆಯ ಮಟ್ಟಿಗೆ ಆ ಹೆಸರುಗಳ ಅರ್ಥ ಅದೇ.

ಕಾರಿನದು ವಿಚಿತ್ರ ಮೈಕಟ್ಟು. ನೋಡಲು ಎರಡು ಬಾಗಿಲಿನ ಕೂಪೆ. ಮುಂದಿನ ಬಾಗಿಲು ತೆರೆದ ಮೇಲೆ ಅದರ ಹಿಂದೆ ಇನ್ನೊಂದು ಗಿಡ್ಡ ಬಾಗಿಲು ಎದುರು ದಿಕ್ಕಿಗೆ ತೆರೆದುಕೊಳ್ಳುತ್ತದೆ, ಹಳೇ ಮನೆಯ ಜೋಡಿ ಕದದ ಹಾಗೆ. ನಡುವೆ ಕಂಬವಿಲ್ಲ. ಹಿಂದೆ ಇಬ್ಬರು ಕೂರಬಹುದು, ನಿಜವಾಗಿಯೂ ಕೂರಬಹುದು. ನನ್ನ ಮಗಳು ಐದನೇ ತರಗತಿಯಿಂದ ಕಾಲೇಜಿನವರೆಗೆ ಅಲ್ಲೇ ಕೂತು ಬೆಳೆದಳು. ಬಾನೆಟ್ಟಿನ ಉಬ್ಬಿನಲ್ಲಿ, ಗೇರಿನ ಗುಬುಟಿಯಲ್ಲಿ, ಸೀಟಿನ ತಲೆದಿಂಬಿನಲ್ಲಿ ಎಲ್ಲೆಲ್ಲೂ ಒಂದು ಉಬ್ಬಿದ ತ್ರಿಕೋನ. ಒಳಗಿನ ಯಂತ್ರದ ಗುರುತು ಅದು.

ಆ ಯಂತ್ರದಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಒರಳಿನಲ್ಲಿ ಗುಂಡು ಓಲಾಡುತ್ತ ತಿರುಗುವುದನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಹಾಗೆ. ಗುಂಡಿನ ಬದಲು ಮೂರು ಮೂಲೆಯ ರೋಟರು, ಒರಳಿನ ಗುಳಿಯ ಬದಲು ಸೊಂಟ ಸ್ವಲ್ಪ ಒತ್ತಿದ ಕಡಲೆಕಾಯಿ ಆಕಾರದ ಗೂಡು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಹುಟ್ಟುಹಾಕಿದ ಕಲ್ಪನೆ. ಹಿರೋಶಿಮಾದ ಮಜ್ದಾ ಅದನ್ನು 1967ರಲ್ಲಿ ಕಾಸ್ಮೊ ಸ್ಪೋರ್ಟ್ ಎಂಬ ಕಾರಿನಲ್ಲಿ ಮಾರಿತು, 1991ರಲ್ಲಿ ಅದೇ ಬಗೆಯ ಎಂಜಿನ್ನಿನ 787ಬಿ ಕಾರಿನಿಂದ ಲೆ ಮಾನ್‌ನ 24 ಗಂಟೆಗಳ ರೇಸನ್ನು ಗೆದ್ದಿತು. ಆರ್‌ಎಕ್ಸ್-8 ತಯಾರಾದದ್ದು 2003ರಿಂದ 2012ರವರೆಗೆ. ಅದರ ರೆನೆಸಿಸ್ ಎಂಜಿನ್ನಿಗೆ 2003ರಲ್ಲಿ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಎಂಬ ಪ್ರಶಸ್ತಿಯೂ ಬಂತು. ನಿಮ್ಮ ಲೇಖಕರು ಹೇಳಿದ 1,300 ಸಿಸಿ ಕಾಗದದ ಮೇಲೆ ಸರಿ: ಒಂದೊಂದು 654 ಸಿಸಿಯ ಎರಡು ರೋಟರು, ಒಟ್ಟು 1,308. ಆದರೆ ಶಾಫ್ಟು ಒಂದು ಸುತ್ತು ತಿರುಗಿದರೆ ಎರಡು ರೋಟರುಗಳೂ ಒಂದೊಂದು ಸಲ ಉರಿಯುತ್ತವೆ. ನಮ್ಮ ಮಾಮೂಲಿ ಫೋರ್ ಸ್ಟ್ರೋಕಿನ ಎರಡು ಸಿಲಿಂಡರು ಅಷ್ಟರಲ್ಲಿ ಒಂದೇ ಸಲ ಉರಿದಿರುತ್ತದೆ. ಆದ್ದರಿಂದ ಹೋಲಿಕೆಗೆ 2,600 ಸಿಸಿ ಎಂದು ಲೆಕ್ಕ ಹಿಡಿಯುವವರಿದ್ದಾರೆ. 231 ಕುದುರೆಗಳ ಶಕ್ತಿ, 9,000 ಆರ್‌ಪಿಎಂವರೆಗೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ಓಟ. ಇದನ್ನು ಸಣ್ಣ ಕಾರಿನ ಎಂಜಿನ್ ಪಕ್ಕ ಕೂರಿಸುವುದು ನ್ಯಾಯವಲ್ಲ.

ಈಗ ನನ್ನ 3,600 ಪೌಂಡಿನ ವಿಷಯ. ಚೆಸ್ಟರ್‌ಫೀಲ್ಡಿನ ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಗ್ಯಾರೇಜಿನಲ್ಲಿತ್ತು ಈ ಕಾರು. 2006ರ ಫೆಬ್ರವರಿಯ ರಿಜಿಸ್ಟ್ರೇಷನ್, 38,000 ಮೈಲಿ, ಅಂದರೆ ಸುಮಾರು 61,000 ಕಿ.ಮೀ. ಸೀಟಿನಲ್ಲಿ ಒಂದು ಸುಕ್ಕಿಲ್ಲ. ಗೀರು ಬಿದ್ದರೆ ತಕ್ಷಣ ಬಣ್ಣ ಹಚ್ಚಿಸುವ ಹೆಂಗಸು. ವಾರಕ್ಕೆ ಎರಡು ಸಲ ಅರ್ಧ ಮೈಲಿ ದೂರದ ಅಂಗಡಿಗೆ ಹೋಗಿ ಬರುತ್ತಿದ್ದರಂತೆ, ಅಷ್ಟೇ. ನನಗೆ ಆ ಮಾತು ಜೇನಿನಂತೆ ಕೇಳಿಸಿತು. 1,650 ಪೌಂಡ್ ಕೊಟ್ಟು ತಂದೆ. ಮೂರು ತಿಂಗಳಾಗುವಷ್ಟರಲ್ಲಿ, ಬಿಸಿಯಾಗಿದ್ದಾಗ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಗೋಳಾಡಿಸತೊಡಗಿತು. ಇಂಥ ರೋಟರಿ ಎಂಜಿನ್ನು ಬಲ್ಲವರೊಬ್ಬರ ಹತ್ತಿರ ಒಯ್ದೆ. ಅವರು ಓಡೋಮೀಟರನ್ನು ನೋಡಲೇ ಇಲ್ಲ. ಪ್ಲಗ್ ಬಿಚ್ಚಿ ತಮ್ಮ ಯಂತ್ರ ಜೋಡಿಸಿ ಆರು ಅಂಕಿಗಳ ಒಂದು ಚೀಟಿ ಕೊಟ್ಟರು.

ಆರು ಅಂಕಿ ಯಾಕೆಂದರೆ ಪ್ರತಿ ರೋಟರಿಗೆ ಮೂರು ಮುಖ, ಮುಖಕ್ಕೊಂದು ಕಂಪ್ರೆಷನ್. ಮಾಮೂಲಿ ಗೇಜಿನಿಂದ ಇದು ಸಿಗುವುದಿಲ್ಲ, ರೋಟರಿಯದೇ ಟೆಸ್ಟರ್ ಬೇಕು. ಎಂಜಿನ್ನು 250 ಆರ್‌ಪಿಎಂನಲ್ಲಿ ತಿರುಗುವಾಗ ಪ್ರತಿ ಮುಖದಲ್ಲಿ ಚದರ ಸೆಂಟಿಮೀಟರಿಗೆ ಕನಿಷ್ಠ 6.9 ಕೆಜಿ ಒತ್ತಡ ಇರಬೇಕು, ಒಂದೇ ರೋಟರಿನ ಮುಖಗಳ ನಡುವಿನ ಅಂತರ 1.5 ದಾಟಬಾರದು. ನನ್ನ ಹಿಂದಿನ ರೋಟರಿನದು 5.4, 5.1, 5.6. ಅಪ್ಪನ ಭಾಷೆಯಲ್ಲಿ ಹೇಳುವುದಾದರೆ ಎಂಜಿನ್ ಬೋರ್‌ಗೆ ಬಂದಿತ್ತು. ರೋಟರಿನ ಮೂಲೆಗಳಲ್ಲಿ ಎಪೆಕ್ಸ್ ಸೀಲ್ ಎಂಬ ಲೋಹದ ಸಣ್ಣ ಪಟ್ಟಿಗಳಿರುತ್ತವೆ. ಒತ್ತಡ ಸೋರದಂತೆ ಗೋಡೆಗೆ ಒತ್ತಿಕೊಂಡು ಸರಿಯುವ ಇವಕ್ಕೆ ಎಣ್ಣೆ ಬೇಕು, ಎಂಜಿನ್ನು ಚೆನ್ನಾಗಿ ಬಿಸಿಯಾಗಬೇಕು, ಆಗಾಗ ಜೋರಾಗಿ ತಿರುಗಿ ಒಳಗಿನ ಮಸಿ ಉದುರಬೇಕು. ಅರ್ಧ ಮೈಲಿ ಹೋಗಿ ನಿಲ್ಲುವ ಕಾರಿನಲ್ಲಿ ಕೊನೆಯ ಎರಡೂ ನಡೆಯುವುದಿಲ್ಲ. ಅಷ್ಟು ಜೋಪಾನದಿಂದ ಇಟ್ಟುಕೊಂಡಿದ್ದಕ್ಕೇ ಆ ಕಾರು ಒಳಗಿಂದೊಳಗೇ ಸವೆದಿತ್ತು. ಅದೇ ದಿನ ಅದೇ ಗ್ಯಾರೇಜಿಗೆ 1,04,000 ಮೈಲಿ ಓಡಿದ್ದ ಇನ್ನೊಂದು ಬಂದಿತ್ತು. ಪ್ರತಿದಿನ ಹೆದ್ದಾರಿಯಲ್ಲಿ ಓಡಾಡುವ ಕಾರು, ಬಂಪರಿನ ಮೂಲೆ ಒಡೆದಿತ್ತು. ಅದರ ಆರೂ ಅಂಕಿ ಏಳರ ಮೇಲೆ.

ಹಾಗಾಗಿ ಈ ಕಾರಿನ ಬೆಲೆ ಕೇಳುವವರಿಗೆ ನಾನು ಹೇಳುವುದು: ಮೊದಲು ಆ ಚೀಟಿ ನೋಡಿ. ಆಮೇಲೆ ಹಿಂದಿನ ಚಕ್ರದ ಮೇಲಿನ ಕಮಾನಿಗೆ, ಬಾಗಿಲ ಕೆಳಗಿನ ಪಟ್ಟಿಗೆ ಕೈ ಆಡಿಸಿ ತುಕ್ಕು ಹುಡುಕಿ, ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಪ್ಲಗ್ಗಿಗೆ ಕಿಡಿ ಕೊಡುವ ನಾಲ್ಕು ಇಗ್ನಿಷನ್ ಕಾಯಿಲ್‌ಗಳನ್ನು ಯಾವಾಗ ಬದಲಿಸಿದ್ದು ಎಂಬ ರಶೀದಿ ಕೇಳಿ. ಕಾಯಿಲ್ ಸೋತರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಹಾದಿಯಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಇಳಿದು ಅದು ಸುಟ್ಟು ಕಟ್ಟಿಕೊಳ್ಳುವಂತೆ ಮಾಡುತ್ತದೆ, ಆ ಶಾಖ ತಿರುಗಿ ಎಂಜಿನ್ನಿಗೇ ಬಡಿಯುತ್ತದೆ. ಮೈಲಿ ಎಷ್ಟು ಎಂಬುದು ಆಮೇಲಿನ ಮಾತು.

ರಿಜಿಸ್ಟ್ರೇಷನ್ ತಾರೀಕಿನದೂ ಒಂದು ತಮಾಷೆ ಇದೆ. ಆ ಕಾಲದ ಕಾರುಗಳಿಗೆ ಇಲ್ಲಿನ ರಸ್ತೆ ತೆರಿಗೆ ಹೊಗೆಯ ಲೆಕ್ಕದ್ದು, ನನ್ನ ಕಾರು ಕಿಲೋಮೀಟರಿಗೆ 284 ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. 2006ರ ಮಾರ್ಚ್ 23ಕ್ಕಿಂತ ಮೊದಲು ನೋಂದಾಯಿಸಿದ್ದರೆ ಕೆಳಗಿನ ದರ, ಆ ದಿನದಿಂದ ಈಚೆಗಾದರೆ ಅತಿ ಮೇಲಿನ ದರ. ಒಂದೇ ಬಣ್ಣ, ಒಂದೇ ಎಂಜಿನ್, ಒಂದು ತಿಂಗಳ ಅಂತರ, ವರ್ಷಕ್ಕೆ 300 ಪೌಂಡಿಗೂ ಮೇಲೆ ವ್ಯತ್ಯಾಸ. ಫೆಬ್ರವರಿಯ ಕಾರು ನನ್ನ ಪಾಲಿಗೆ ಬಂದದ್ದು ಅದೃಷ್ಟವೇ ಹೊರತು ಜಾಣತನವಲ್ಲ, ಕೊಳ್ಳುವಾಗ ಈ ನಿಯಮ ನನಗೆ ಗೊತ್ತೇ ಇರಲಿಲ್ಲ.

ಎಂಜಿನ್ ಬಿಚ್ಚಿ ಕಟ್ಟಿಸಿದ್ದಕ್ಕೆ 3,600 ಪೌಂಡ್. ಹೆಂಡತಿ ಎರಡು ದಿನ ಮಾತಾಡಲಿಲ್ಲ; ಮೂರನೆಯ ದಿನ, "ಇದರ ಬದಲು ಬನಶಂಕರೀಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತು" ಎಂದಳು. ಅಷ್ಟಕ್ಕೆ ಬನಶಂಕರಿಯಲ್ಲಿ ಯಾರೂ ಸೈಟು ತೋರಿಸುವುದೂ ಇಲ್ಲ. ನಾನು ಹಾಗೆ ಹೇಳಲಿಲ್ಲ. ಆಮೇಲೆ ನಾನೂ ಪಾಠ ಕಲಿತೆ. ಈ ಎಂಜಿನ್ನು ಎಣ್ಣೆ ಕುಡಿಯುವುದು ರೋಗದಿಂದಲ್ಲ, ಹುಟ್ಟಿನಿಂದ. ಸೀಲುಗಳಿಗೆಂದೇ ಸಣ್ಣ ಪಂಪೊಂದು ಎಂಜಿನ್ನಿನ ತಳದ ಸಂಪಿನ ಆಯಿಲ್ಲನ್ನು ಒಳಕ್ಕೆ ತೊಟ್ಟಿಕ್ಕಿಸುತ್ತಲೇ ಇರುತ್ತದೆ. ಎರಡು ಸಲ ಟ್ಯಾಂಕು ತುಂಬಿಸಿದರೆ ಒಂದು ಸಲ ಡಿಪ್‌ಸ್ಟಿಕ್ ಎಳೆದು ನೋಡಬೇಕು. ಅದು ಸಾಲದು ಎಂದು ನನ್ನಂಥವರು ಪೆಟ್ರೋಲಿಗೂ ಟೂ ಸ್ಟ್ರೋಕ್ ಆಯಿಲ್ ಬೆರೆಸುತ್ತೇವೆ, ಟ್ಯಾಂಕಿಗೆ ಕಾಲು ಲೀಟರು. ಮೊದಲ ಸಲ ಡರ್ಬಿಯ ಬಂಕಿನಲ್ಲಿ ಡಬ್ಬದ ಮುಚ್ಚಳ ತಿರುಗಿಸಿದಾಗ ಆ ವಾಸನೆಗೆ ಯಾದವಗಿರಿಯ ಬೆಳಗು, ಅಪ್ಪನ ಅಳತೆ ಮುಚ್ಚಳ, ಹೊಗೆ, ಕಿಕ್ ಹೊಡೆದ ಕೋಲನ್ನೇ ಮಡಚಿ ಗೇರು ಹಾಕುವ ಆ ಯೆಜ್ಡಿ ಎಲ್ಲವೂ ಒಮ್ಮೆಲೇ ಬಂದವು. ನನ್ನ ಹಿಂದೆ ನಿಂತಿದ್ದವನು ಪಾಪ, ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕುತ್ತಿದ್ದೀರಾ ಎಂದು ಕೇಳಿದ.

ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಭಾವ ಪ್ರತಿ ಸಲ ಕೇಳುತ್ತಾನೆ. ಏಳು. "ಅಂಬಾರಿ ಆನೆ ಸಾಕಿದ ಹಾಗಾಯ್ತಲ್ಲೋ." ಹೌದು. ಆದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಆಷ್‌ಬೋರ್ನಿನಿಂದ ಬಕ್ಸ್‌ಟನ್ನಿಗೆ ಹೋಗುವ ರಸ್ತೆಯಲ್ಲಿ, ಎರಡೂ ಕಡೆ ಕಲ್ಲಿನ ಮೋಟುಗೋಡೆ, ಕುರಿಗಳು, ಮೂರನೇ ಗೇರಿನಲ್ಲಿ ಮುಳ್ಳು ಎಂಟು ಸಾವಿರ ದಾಟಿದರೂ ಒಂದಿಷ್ಟು ನಡುಕವಿಲ್ಲದೆ ಮಿಕ್ಸಿ ತಿರುಗಿದ ಹಾಗೆ ತಿರುಗುವ ಆ ಎಂಜಿನ್ನನ್ನು ಕೇಳಿದ ದಿನ ಯಾವ ಲೆಕ್ಕವೂ ನೆನಪಿರುವುದಿಲ್ಲ. ತಿರುವಿನಲ್ಲಿ ಅದರ ಮೂಗು ಭಾರವೆನಿಸುವುದೇ ಇಲ್ಲ. ಪುಟ್ಟ ಎಂಜಿನ್ನನ್ನು ಮುಂದಿನ ಚಕ್ರಗಳ ಹಿಂದಕ್ಕೆ ಕೂರಿಸಿ ತೂಕವನ್ನು ಮುಂದೆ ಅರ್ಧ, ಹಿಂದೆ ಅರ್ಧ ಹಂಚಿದ್ದಾರೆ.

ಬೆಲೆಯ ವಿಷಯದಲ್ಲಿ ನನಗೆ ನಿಜವಾದ ಪೆಟ್ಟು ಬಿದ್ದದ್ದು 2019ರಲ್ಲಿ. ಮನೆ ಮುಂದೆ ನಿಲ್ಲಿಸಿದ್ದ ಕಾರಿಗೆ ಯಾರದೋ ವ್ಯಾನು ಉಜ್ಜಿ ಬಾಗಿಲು ಜಜ್ಜಿತು. ವಿಮೆಯವರು ಲೆಕ್ಕ ಹಾಕಿ, ಕಾರಿನ ಮಾರುಕಟ್ಟೆ ಬೆಲೆ 1,200 ಪೌಂಡ್, ರಿಪೇರಿ ಅದಕ್ಕಿಂತ ಜಾಸ್ತಿ, ಆದ್ದರಿಂದ ಗುಜರಿ ಎಂದರು. ಎಂಜಿನ್ನಿನ ರಶೀದಿ, ಹೊಸ ಚೀಟಿ ಎಲ್ಲವನ್ನೂ ಕಳಿಸಿದೆ. ಅವರ ಪಟ್ಟಿಯಲ್ಲಿ ವರ್ಷ ಮತ್ತು ಮೈಲಿಗೆ ಬಿಟ್ಟರೆ ಬೇರೆ ಕಾಲಂ ಇರಲಿಲ್ಲ. ಕೊನೆಗೆ ಅವರು ಕೊಟ್ಟ ಹಣದಲ್ಲಿ ಒಂದಿಷ್ಟು ಬಿಟ್ಟುಕೊಟ್ಟು ನನ್ನ ಕಾರನ್ನು ನಾನೇ ವಾಪಸು ಕೊಂಡೆ. ದಾಖಲೆಯಲ್ಲಿ ಈಗ ಅದು ಕ್ಯಾಟಗರಿ ಎನ್, ಅಂದರೆ ಚೌಕಟ್ಟಿಗೆ ಪೆಟ್ಟಾಗದಿದ್ದರೂ ವಿಮೆಯವರು ಕೈಬಿಟ್ಟ ಕಾರು. ಮಾರಲು ಹೋದರೆ ಆ ಒಂದು ಅಕ್ಷರಕ್ಕೆ ಬೆಲೆ ಇಳಿಯುತ್ತದೆ. ಆಮೇಲೆ ಬೇರೆ ಕಡೆ, ಬೆಲೆಯನ್ನು ಮೊದಲೇ ಒಪ್ಪಿ ಬರೆದುಕೊಳ್ಳುವ ಪಾಲಿಸಿ ಮಾಡಿಸಿದೆ. ಫೋಟೊ, ರಶೀದಿ, ಕಂಪ್ರೆಷನ್ ಚೀಟಿ ನೋಡಿ 5,500 ಪೌಂಡ್ ಎಂದು ಬರೆದುಕೊಟ್ಟರು. ಇಂಥ ಕಾರು ಇಟ್ಟವರು ಕಳ್ಳತನ, ಅಪಘಾತ ಆಗುವ ಮೊದಲೇ ಮಾಡಬೇಕಾದ ಕೆಲಸ ಇದು. ಭಾರತದಲ್ಲೂ ಐದು ವರ್ಷ ದಾಟಿದ ವಾಹನದ ಐಡಿವಿಯನ್ನು, ಅಂದರೆ ವಿಮೆಗೆ ಹಿಡಿಯುವ ಬೆಲೆಯನ್ನು, ವಿಮೆಯವರೂ ಮಾಲೀಕರೂ ಮಾತಾಡಿ ನಿಗದಿ ಮಾಡಿಕೊಳ್ಳುವುದೇ ಕ್ರಮ. ಹೆಚ್ಚಿನವರು ಏಜೆಂಟ್ ಬರೆದದ್ದಕ್ಕೆ ಸಹಿ ಹಾಕುತ್ತಾರೆ.

ವರ್ಷ, ಮೈಲಿಯ ಪಟ್ಟಿಗೆ ಸಿಗದ ಇಂಥ ಹಳೇ ಗಾಡಿಗಳ ಬೆಲೆಯನ್ನು ನಿಮ್ಮ ಲೇಖನ ಬಿಟ್ಟದ್ದಕ್ಕೇ ನನಗೆ ಬೇಸರ. ಭಾರತದಲ್ಲಿ 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಬೇಕು. 20 ವರ್ಷ ದಾಟಿದ ಕಾರಿನ ರಿಜಿಸ್ಟ್ರೇಷನ್ ನವೀಕರಣಕ್ಕೆ 2025ರಿಂದ 10,000 ರೂಪಾಯಿ, ಮೋಟಾರ್ ಸೈಕಲ್ಲಿಗೆ 2,000. ನಡುವಿನ ಮೂವತ್ತು ವರ್ಷ ಅದು ಬರೀ ಹಳೇ ಗಾಡಿ. ಅಪ್ಪನ ಯೆಜ್ಡಿಗೆ ಐವತ್ತು ತುಂಬುವುದು 2029ಕ್ಕೆ, ಅಲ್ಲಿಯವರೆಗೆ ಭಾವ ಅದರ ಆರ್‌ಸಿ ಜೀವ ಹಿಡಿದಿಟ್ಟುಕೊಳ್ಳಬೇಕು. ಇಲ್ಲಿ ತೆರಿಗೆ ವಿನಾಯಿತಿಗೆ ನಲವತ್ತು ಸಾಕು. ನನ್ನ ಕಾರು ತಯಾರಾದದ್ದು 2005ರ ಕೊನೆಗೆ, ನಿಯಮ ಹೀಗೇ ಇದ್ದರೆ 2046ರ ಏಪ್ರಿಲ್‌ನಿಂದ ಅದು ಐತಿಹಾಸಿಕ. ಜಾವಾದವರು ಜಾಹೀರಾತಿನಲ್ಲಿ "ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ" ಎನ್ನುತ್ತಿದ್ದರು. ಕಾರ್ಖಾನೆ ಮುಚ್ಚಿದ ವರ್ಷ ಅಪ್ಪನ ಬೈಕಿಗೆ ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿದ್ದ. ಈಗ ಅದನ್ನು ಕೇಳಿಕೊಂಡು ಬೆಂಗಳೂರಿನಿಂದ ಹುಡುಗರು ಮನೆ ಬಾಗಿಲಿಗೆ ಬರುತ್ತಾರೆ. ಕರ್ನಾಟಕದಲ್ಲೂ ಟಾರ್ಪಾಲಿನ ಅಡಿ ಇಂಥವು ಎಷ್ಟೋ ಇರಬೇಕು. ಅವುಗಳ ಬಗ್ಗೆ ನಿಮ್ಮ ಪುರವಣಿ ಒಮ್ಮೆ ಬರೆಯಲಿ, ಮೈಲಿಯ ಪಟ್ಟಿ ಪಕ್ಕಕ್ಕಿಟ್ಟು.

ಇನ್ನೂ ಬರೆಯಬಹುದಿತ್ತು, ಆದರೆ ಪಕ್ಕದ ಮನೆಯವರು ಈಗಷ್ಟೇ ಬೆಲ್ ಮಾಡಿದರು. ಅವರ ಸಾಮಾನಿನ ಲಾರಿ ಬರುತ್ತಿದೆ, ಕಾರನ್ನು ಎರಡು ಮೀಟರ್ ಮುಂದಕ್ಕೆ ಸರಿಸಬೇಕಂತೆ. ಈ ಎಂಜಿನ್ನನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಹಾಗೇ ಆಫ್ ಮಾಡಿದರೆ ಪೆಟ್ರೋಲು ತುಂಬಿಕೊಂಡು ಪ್ಲಗ್ಗುಗಳು ನೆನೆದು, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ಒಮ್ಮೆ ಹಾಗೆ ಮಾಡಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಬ್ಯಾಟರಿ ಸಾಯುವವರೆಗೆ ಕ್ರ್ಯಾಂಕ್ ಮಾಡಿದ್ದೇನೆ. ಆದ್ದರಿಂದ ಎರಡು ಮೀಟರ್ ಸರಿಸುವುದಕ್ಕೆ ಇಪ್ಪತ್ತು ನಿಮಿಷ ಊರು ಸುತ್ತಿ ಬರಬೇಕು. ಹೊರಟೆ.

ಇಂತು,
ನಿಮ್ಮ ಹಳೆಯ ಓದುಗ, ಮೈಸೂರಿನವ
ಸದ್ಯ ಡರ್ಬಿ, ಇಂಗ್ಲೆಂಡ್