ರಾಜನ ಮಾತು ಯಾಕೆ ಕಲಿಯಬೇಕು ಅಂತ ಕೇಳಿದ್ದೆಯಲ್ಲ

ಗೆಳೆಯಾ,

'ಬ್ಯಾಂಕಾಕ್‌ನಲ್ಲಿ ಇದ್ದೀಯ, ಥಾಯ್ ಕಲಿಯುತ್ತೀಯ, ಸರಿ. ಆದರೆ ಈ ರಾಚಾಸಪ್, ಅಂದರೆ ರಾಜಮನೆತನದವರಿಗೆಂದೇ ಇರುವ ಥಾಯ್ ಮಾತು, ಯಾಕೆ, ನೀನೇನು ಅರಮನೆಗೆ ಹೋಗಿ ಮಾತಾಡುತ್ತೀಯಾ' ಅಂತ ನೀನು ಕೇಳಿದ್ದೆ. ಇಲ್ಲ. ಇಲ್ಲಿನ ಬಹಳಷ್ಟು ಜನರಿಗೂ ಆ ಸಂದರ್ಭ ಬರುವುದಿಲ್ಲ. ಆದರೂ ಶಾಲೆಯಲ್ಲಿ ಮಕ್ಕಳು ಇದನ್ನು ಕಲಿಯುತ್ತಾರೆ, ಯಾಕೆಂದರೆ ಇದು ಮಾತಾಡುವುದಕ್ಕಿಂತ ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೇ ಜಾಸ್ತಿ ಬೇಕು. ರಾತ್ರಿ ಟಿವಿಯಲ್ಲಿ ಅರಮನೆಯ ಸುದ್ದಿ ಬರುತ್ತದೆ. ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು ಥಾಯ್ ಬಂದವನಿಗೂ ಅದರಲ್ಲಿ ಒಂದು ವಾಕ್ಯ ಪೂರ್ತಿ ಕೈಗೆ ಸಿಗುವುದಿಲ್ಲ.

ರಾಚಾಸಪ್ ಅಂದರೆ ನಮ್ಮ ರಾಜಶಬ್ದವೇ. ಹಾಗಾಗಿ ಸಂಸ್ಕೃತದ ಪರಿಚಯ ಇರುವ ನಮಗೆ ಇದು ಸಲೀಸು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾಮಪದದ ಮಟ್ಟಿಗೆ ಅದು ನಿಜ. ಮಾಮೂಲಿ ಥಾಯ್‌ನಲ್ಲಿ ಕಣ್ಣು ತಾ, ತಲೆ ಹುವಾ. ರಾಜನದಾದರೆ ಫ್ರ ನೇತ್, ಫ್ರ ಸಿಯನ್. ನೇತ್ರ, ಶಿರಸ್ಸು; ಮೊದಲಿಗೆ ಬರುವ ಫ್ರ ಗೌರವಸೂಚಕ. ರಾಜನ ಮಗ ಓರೋತ್, ಅಂದರೆ ಔರಸ. ಕಿವಿಗೆ ಬಿದ್ದಾಗ ಕೆಲವು ಗುರುತೇ ಸಿಗುವುದಿಲ್ಲ. ದಂತ ಅನ್ನುವುದು ಥೊನ್ ಆಗಿರುತ್ತದೆ, ವಕ್ತ್ರ ಅನ್ನುವುದು ಫಕ್ ಆಗಿರುತ್ತದೆ. ಆದರೆ ಬರಹದಲ್ಲಿ ಹಳೆಯ ಅಕ್ಷರಗಳು ಹಾಗೇ ಕೂತಿವೆ, ಉಚ್ಚರಿಸದ ಅಕ್ಷರದ ನೆತ್ತಿಯ ಮೇಲೆ ಒಂದು ಸಣ್ಣ ಗುರುತು, ಅಷ್ಟೇ. ಓದುತ್ತಾ ಹೋದರೆ ನಮ್ಮವರಿಗೆ ಬೇಗ ಹಿಡಿಯುತ್ತದೆ.

ಕಷ್ಟ ಇರುವುದು ಕ್ರಿಯಾಪದದಲ್ಲಿ. ಅಲ್ಲಿ ಸಂಸ್ಕೃತ ಅಷ್ಟಾಗಿ ಕೈಹಿಡಿಯುವುದಿಲ್ಲ, ಮುಖ್ಯವಾದವು ಕಾಂಬೋಡಿಯದ ಖಮೇರ್ ಭಾಷೆಯವು. ಹಳೆಯ ಥಾಯ್ ರಾಜ್ಯ ಅಯುತ್ಥಯದ ರಾಜರು 1431ರಲ್ಲಿ ಖಮೇರ್ ರಾಜಧಾನಿ ಅಂಗ್ಕೋರ್ ಗೆದ್ದರು, ಆದರೆ ಸೋತವರ ಆಸ್ಥಾನದ ಮಾತು ಗೆದ್ದವರ ಆಸ್ಥಾನದಲ್ಲಿ ಬೇರು ಬಿಟ್ಟಿತು. ನಾವು ನೀವು ತಿಂದರೆ ಕಿನ್, ರಾಜ ಉಂಡರೆ ಸವೋಯ್. ನಮ್ಮ ನಿದ್ದೆ ನೋನ್, ರಾಜನ ನಿದ್ದೆ ಬನ್‌ಥೊಮ್. ರಾಜ ಹೋಗುವುದು, ಬರುವುದು ಸದೆತ್. ಇಂಥ ಪದ ಇಲ್ಲದ ಕಡೆ ಮಾಮೂಲಿ ಕ್ರಿಯಾಪದದ ಮುಂದೆ ಸೊಂಗ್ ಸೇರಿಸಬೇಕು. ನಾಮಪದದ ಮುಂದೆಯೂ ಅದು ಬರುತ್ತದೆ: ಇಲ್ಲಿನ ಹಿಂದಿನ ರಾಜ ಭೂಮಿಬೋಲ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದರಲ್ಲ, ಅದನ್ನು ಸೊಂಗ್ ದೊಂತ್ರಿ ಅನ್ನುತ್ತಾರೆ, ದೊಂತ್ರಿ ಅಂದರೆ ಸಂಗೀತ. ಆದರೆ ಸವೋಯ್, ಸದೆತ್ ಮೊದಲೇ ರಾಜಪದಗಳು, ಅವುಗಳ ಮುಂದೆ ಸೊಂಗ್ ಹಾಕಿದರೆ ತಪ್ಪು. ಥಾಯ್ ಜನರೇ ಇಲ್ಲಿ ಎಡವುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಇದರ ಅಳತೆ. ಯಾರು ಯಾರ ಮುಂದೆ ಎಲ್ಲಿ ನಿಂತಿದ್ದಾರೆ ಅನ್ನುವುದನ್ನು ಈ ಭಾಷೆ ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ ನೋಡು. ರಾಜನಿಗೆ ನೇರವಾಗಿ 'ನೀವು' ಅನ್ನುವ ಹಾಗಿಲ್ಲ. ತಾಯ್ ಫಾ ಲಓಂಗ್ ಥುಲಿ ಫ್ರ ಬಾತ್ ಅನ್ನಬೇಕು, ಅಂದರೆ ಅವರ ಪಾದದ ಧೂಳಿನ ಕಣದ ಕೆಳಗೆ. ಮಾತು ರಾಜನನ್ನು ಮುಟ್ಟುವುದೇ ಇಲ್ಲ, ಪಾದದಡಿಯ ಧೂಳಿಗೆ ಹೇಳಿ ಸುಮ್ಮನಾಗುತ್ತದೆ. ಯುವರಾಜನಿಗಾದರೆ ಆ ಥುಲಿ, ಅಂದರೆ ಧೂಳಿ, ಬಿಟ್ಟುಹೋಗುತ್ತದೆ. ಇನ್ನೂ ಕೆಳಗಿನ ರಾಜವಂಶದವರಿಗೆ ಬರೀ ಪಾದದ ಅಂಗಾಲು. ರಾಜನಿಗೆ ಏನಾದರೂ ಒಪ್ಪಿಸಿದರೂ ಹೀಗೇ. ಕೈಯಲ್ಲಿ ಎತ್ತಿ ಕೊಡಬಹುದಾದ ಹೂವು, ಪುಸ್ತಕ ಆದರೆ ಥೂನ್ ಕ್ಲಾವ್ ಥವಾಯ್. ಎತ್ತಲಾಗದ ಕಾರು, ಕಟ್ಟಡ ಆದರೆ ನೋಮ್ ಕ್ಲಾವ್ ಥವಾಯ್. ಮೊದಲನೆಯದರಲ್ಲಿ ತಲೆ ಮೇಲೆ ಹೊತ್ತು ಕೊಡುವುದು, ಎರಡನೆಯದರಲ್ಲಿ ಬರೀ ತಲೆ ಬಾಗುವುದು. ಇದನ್ನು ಮೊದಲ ಸಲ ತಿಳಿದಾಗ ನನಗೆ ನಿಜವಾಗಲೂ ಖುಷಿಯಾಯಿತು.

ಸಾವಿಗೂ ಮೆಟ್ಟಿಲುಗಳಿವೆ. 2016ರ ಅಕ್ಟೋಬರ್ 13ರಂದು ಭೂಮಿಬೋಲ್ ತೀರಿಕೊಂಡಾಗ ಬಳಸಿದ ಪದ ಸವನ್‌ಖೊತ್, ಸ್ವರ್ಗಕ್ಕೆ ಹೋದರು ಅಂತ. ಪ್ರಧಾನಿಗೆ ಆ ಪದ ಸಲ್ಲದು, ಅವರಿಗೆ ಅಸನ್ಯಕಮ್. ಭಿಕ್ಷುವಿಗೆ ಮೊರನಫಾಪ್. ಭಿಕ್ಷುಗಳ ಊಟಕ್ಕೆ ಛನ್ ಅಂತ, ನಿದ್ದೆಗೆ ಚಮ್ ವತ್ ಅಂತ ಬೇರೆ ಪದಗಳೇ ಇವೆ. ಅವರನ್ನು ಎಣಿಸುವ ರೀತಿಯೂ ಬೇರೆ, ನಮ್ಮಂಥವರಾದರೆ ಖೊನ್, ಭಿಕ್ಷುಗಳಾದರೆ ರೂಪ್, ರಾಜವಂಶದವರಾದರೆ ಓಂಗ್.

ಇದೆಲ್ಲ ನಮಗೆ ಅಷ್ಟೇನೂ ದೂರದ್ದಲ್ಲ, ಅಲ್ವಾ? ವೀರಶೈವ ಸ್ವಾಮೀಜಿ ಲಿಂಗೈಕ್ಯರಾಗುತ್ತಾರೆ, ಮಾಧ್ವ ಯತಿಗಳು ಬೃಂದಾವನಸ್ಥರಾಗುತ್ತಾರೆ, ಅವರ ಊಟಕ್ಕೆ ಭಿಕ್ಷೆ ಅನ್ನುತ್ತೇವೆ. ನಮ್ಮಲ್ಲಿ ಇವು ಮಠದ ಸುತ್ತ ಉಳಿದವು, ಪಠ್ಯಪುಸ್ತಕಕ್ಕೆ ಪಾಠವಾಗಿ ಬರಲಿಲ್ಲ.

ನೀನೂ ಶುರು ಮಾಡುವುದಾದರೆ ದೇಹದ ಭಾಗಗಳ ಪಟ್ಟಿ ಉರುಹೊಡೆಯಬೇಡ, ಅದು ತಾನಾಗಿಯೇ ಬರುತ್ತದೆ. ಸೊಂಗ್, ಸದೆತ್, ಸವೋಯ್ ಮೊದಲು ಗಟ್ಟಿ ಮಾಡಿಕೋ, ಆಮೇಲೆ ಅರಮನೆಯ ಸುದ್ದಿ ಕೇಳು. ಹಾಗೇ ನಿಮ್ಮ ಅಜ್ಜಿಯನ್ನು ಕೇಳಿ, ಮಠದಲ್ಲಿ ಸ್ವಾಮಿಗಳಿಗೆ ಮಾತ್ರ ಆಡುವ ಮಾತುಗಳು ಇನ್ನೇನಿವೆ ಅಂತ ಬರೆದು ಕಳಿಸು. ಇಲ್ಲಿ ನನಗೆ ಪಾಠ ಹೇಳುವವರು ಅವನ್ನು ಕೇಳಬೇಕು ಅಂತ ಕಾಯುತ್ತಿದ್ದಾರೆ.

ನಿನ್ನ ಗೆಳೆಯ