ಹುಲ್ಲಷ್ಟೇ ಅಲ್ಲ, ಮಣ್ಣನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಗಣಿ ಮಣ್ಣಿನಿಂದಲೋ ಕಾರ್ಖಾನೆಯ ಕಸದಿಂದಲೋ ಸೀಸದಂಥ ವಿಷಲೋಹ ಸೇರಿ ನೆಲ ಕೆಟ್ಟಿದೆ ಎಂಬ ಸುದ್ದಿ ಬಂದಾಗ ನೀರಿನ ಬಗ್ಗೆ ಮಾತಾಗುತ್ತದೆ, ಬೆಳೆಯ ಬಗ್ಗೆ ಮಾತಾಗುತ್ತದೆ. ಅದೇ ನೆಲದಲ್ಲಿ ಮೇಯುವ ದನ, ಕುರಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬಂದರೂ ಹುಲ್ಲಿನ ಮಾದರಿ ನೋಡಿ ‘ಸೀಸ ಅಷ್ಟೇನೂ ಇಲ್ಲ’ ಎಂದು ಮುಗಿಸಿಬಿಡುತ್ತಾರೆ. ಬಹಳ ವರ್ಷ ಪಶುವೈದ್ಯನಾಗಿದ್ದ ನನಗೆ ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಹುಲ್ಲಿನೊಳಗೆ ಸೀಸ ಕಡಿಮೆ ಇರುವುದು ಸಹಜ. ಬೇರಿನಿಂದ ಎಲೆಗೆ ಅದು ಹೆಚ್ಚು ಏರುವುದಿಲ್ಲ. ಆದರೆ ದನ ತೊಳೆದ ಹುಲ್ಲು ತಿನ್ನುವುದಿಲ್ಲ, ಅಲ್ವಾ? ಎಲೆಗೆ ಅಂಟಿದ ಮಣ್ಣು, ಕಿತ್ತುಬಂದ ಬೇರಿನ ಮಣ್ಣು ಎಲ್ಲವೂ ಹೊಟ್ಟೆಗೆ ಹೋಗುತ್ತದೆ. ಮೇಯುವ ದನ ತಿನ್ನುವ ಒಣ ಪದಾರ್ಥದಲ್ಲಿ ಶೇ 1ರಿಂದ 18ರಷ್ಟು ಮಣ್ಣೇ ಇರಬಹುದು ಎಂದು ಅಳೆದು ನೋಡಿದವರು ಹೇಳಿದ್ದಾರೆ. ಬುಡದವರೆಗೂ ಕಚ್ಚುವ ಕುರಿಯಲ್ಲಿ ಇದು ಶೇ 30ರವರೆಗೂ ಹೋಗುತ್ತದೆ. ಹುಲ್ಲು ಗಿಡ್ಡವಾದಷ್ಟೂ ಮಣ್ಣು ಜಾಸ್ತಿ.

ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ಕಿಲೋ ಒಣ ಮೇವು ತಿನ್ನುವ ಹಸುವಿನ ಹೊಟ್ಟೆಗೆ ಶೇ 10ರಂತೆ 1 ಕಿಲೋ ಮಣ್ಣು ಸೇರಿತು ಎನ್ನಿ. ಆ ಮಣ್ಣಿನ ಪ್ರತಿ ಕಿಲೋದಲ್ಲಿ 1000 ಮಿಲಿಗ್ರಾಂ ಸೀಸ ಇದ್ದರೆ, ದಿನಕ್ಕೆ ಒಂದು ಗ್ರಾಂ ಸೀಸ ಒಳಗೆ ಹೋಯಿತು. ದೊಡ್ಡ ದನದ ಕರುಳು ಅದರಲ್ಲಿ ಸ್ವಲ್ಪವನ್ನಷ್ಟೇ ಹೀರಿಕೊಳ್ಳುತ್ತದೆ, ನಿಜ. ಹಾಲು ಕುಡಿಯುವ ಕರುವಿನ ಕರುಳು ಎಷ್ಟೋ ಪಾಲು ಹೆಚ್ಚು ಹೀರುತ್ತದೆ.

ಸೀಸ ಏರಿದ ಕರುವನ್ನು ನೋಡಿದವರು ಮರೆಯುವುದಿಲ್ಲ. ಕಣ್ಣು ನೋಡಲು ಸರಿಯಾಗೇ ಇರುತ್ತದೆ, ಆದರೆ ಕರುವಿಗೆ ಏನೂ ಕಾಣುವುದಿಲ್ಲ. ಹಲ್ಲು ಕಡಿಯುತ್ತದೆ, ಕಿವಿ ಅದುರುತ್ತದೆ, ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುತ್ತದೆ. ಆಮೇಲೆ ಸೆಳವು. ಹುಚ್ಚು ರೋಗ ಎಂದು ಹೆದರಿ ಜನ ದೂರ ನಿಲ್ಲುತ್ತಾರೆ. ಹುಚ್ಚು ರೋಗದ ಅನುಮಾನ ಇದ್ದಾಗ ಹೆದರುವುದು ಸರಿಯೇ. ಆದರೆ ಕರು ಎಲ್ಲಿ ಮೇಯುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡದೆಯೇ ಹೂತುಬಿಡುತ್ತಾರೆ. ಉಳಿದುಕೊಂಡ ದನಗಳ ಮೂಳೆಯಲ್ಲಿ ಸೀಸ ವರ್ಷಗಟ್ಟಲೆ ಕೂತಿರುತ್ತದೆ, ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ, ಹಾಲಿಗೂ ಬರುತ್ತದೆ.

ಇಂಥ ಮಣ್ಣಿನಲ್ಲಿರಬಹುದಾದ ಇನ್ನೊಂದು ವಿಷಲೋಹ ಕ್ಯಾಡ್ಮಿಯಂ ಇಷ್ಟು ಗಲಾಟೆ ಮಾಡದೆ ಮೂತ್ರಪಿಂಡದಲ್ಲಿ ಸೇರುತ್ತಾ ಹೋಗುತ್ತದೆ. ಕುರಿಗಂತೂ ತಾಮ್ರವೇ ಅಪಾಯ. ತಿಂಗಳುಗಟ್ಟಲೆ ಯಕೃತ್ತಿನಲ್ಲಿ ತಾಮ್ರ ತುಂಬುತ್ತಿದ್ದರೂ ಕುರಿ ಚೆನ್ನಾಗೇ ಓಡಾಡಿಕೊಂಡಿರುತ್ತದೆ. ದೂರ ಸಾಗಿಸಿದಾಗಲೋ ಮೇವು ಸಿಗದಿದ್ದಾಗಲೋ ಅದು ಒಮ್ಮೆಲೇ ರಕ್ತಕ್ಕೆ ಬಿದ್ದು ರಕ್ತಕಣಗಳು ಒಡೆಯುತ್ತವೆ. ಮೂತ್ರ ಕಂದುಗೆಂಪಾಗಿ, ಕಣ್ಣು ಹಳದಿಯಾಗಿ, ಒಂದೆರಡು ದಿನದಲ್ಲೇ ಕುರಿ ಸಾಯುತ್ತದೆ.

ಕಾಡಿನ ಜೀವಿಗಳನ್ನೂ ಇದು ಬಿಟ್ಟಿಲ್ಲ. ಅಮೆರಿಕದ ಇಡಾಹೊದಲ್ಲಿ ಕೊರ್ ಡಲೇನ್ ನದಿಯ ಬಯಲಿಗೆ ಹಳೆಯ ಗಣಿಗಳ ಸೀಸ ಹರಿದುಬಂದಿದೆ. ವಲಸೆ ಬರುವ ಟಂಡ್ರಾ ಹಂಸಗಳು ಗೆಡ್ಡೆ ಕೀಳುವಾಗ ಕೆಸರನ್ನೂ ನುಂಗುತ್ತವೆ. ಸೀಸದಿಂದ ಅನ್ನನಾಳ ಸೋತು, ತಿಂದದ್ದು ಗಂಟಲಲ್ಲೇ ನಿಂತು, ಹಸಿವಿನಿಂದ ಸಾಯುತ್ತವೆ.

ನನ್ನ ಕೇಳಿಕೆ ದೊಡ್ಡದೇನಲ್ಲ. ಹುಲ್ಲನ್ನು ಪರೀಕ್ಷೆಗೆ ಕಳಿಸುವಾಗ ತೊಳೆಯದೆ ಕಳಿಸಲಿ, ಜೊತೆಗೆ ಮೇಲ್ಮಣ್ಣನ್ನೂ ಕಳಿಸಲಿ. ಅನುಮಾನ ಇರುವ ನೆಲದಲ್ಲಿ ಹುಲ್ಲು ಗಿಡ್ಡವಾಗುವ ಮೊದಲೇ ದನಗಳನ್ನು ಹೊರಗೆ ತರಲಿ, ಮೇವನ್ನು ನೆಲಕ್ಕೆ ಸುರಿಯದೆ ಗೋದಲಿಯಲ್ಲಿ ಹಾಕಲಿ. ದನ ಮಣ್ಣು ನೆಕ್ಕುತ್ತಿದ್ದರೆ ಅದು ಸುಮ್ನೆ ಅಲ್ಲ, ರಂಜಕದಂಥ ಲವಣಗಳ ಕೊರತೆ ಇರಬಹುದು. ಖನಿಜ ಮಿಶ್ರಣ ಕೊಟ್ಟು ನೋಡಲಿ. ಅಂಥ ನೆಲವನ್ನು ಕೆದಕುವ ಕೋಳಿಗಳ ಮೊಟ್ಟೆಯನ್ನೂ ಪರೀಕ್ಷೆಗೆ ಕಳಿಸಲಿ. ಕೋಳಿ ಲವಲವಿಕೆಯಿಂದ ಇದ್ದರೂ ಮೊಟ್ಟೆಯ ಹಳದಿಯಲ್ಲಿ ಸೀಸ ಇರಬಹುದು, ಮತ್ತು ಆ ಮೊಟ್ಟೆ ತಿನ್ನುವವರಲ್ಲಿ ಮಕ್ಕಳೂ ಇದ್ದಾರೆ.

ಇಂತಿ,
ಒಬ್ಬ ನಿವೃತ್ತ ಪಶುವೈದ್ಯ